ದೋನ್ ವಾಲ್ದೆಮಾರರ ಕುರ್ಚಿಗೆ ಯಾರು?

ಮಿರ್ತಾ ತನ್ನ ಗಂಡನ ಸ್ವೆಟರನ್ನು ತಾಯಿಗೆ ಕೊಟ್ಟುಬಿಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ಸಾಸಿವೆ ಬಣ್ಣದ ಆ ಸ್ವೆಟರಿಗೆ ಮೊಣಕೈ ಎರಡೂ ತೂತು. ಕತ್ತಿನ ಪಟ್ಟಿ ಮುದಿ ಎತ್ತಿನ ಗಂಗೆದೊಗಲಿನ ಹಾಗೆ ಜೋತಿತ್ತು. ಅದನ್ನು ಹಾಕಿಕೊಂಡು ಎವಾರಿಸ್ತೊ ಅಂಥ ದಿನ ನಾಲ್ಕು ಜನರ ಮುಂದೆ ನಿಲ್ಲುವುದು ಅವಳಿಗೆ ಬೇಕಿರಲಿಲ್ಲ, ಅಷ್ಟೇ.

"ಎಲ್ಲಿ ಸ್ವೆಟರು?" ಭಾನುವಾರ ಬೆಳಿಗ್ಗೆ ಬೀರುವಿನೊಳಗೆ ತಲೆ ಹಾಕಿಕೊಂಡೇ ಎವಾರಿಸ್ತೊ ಕೇಳಿದ.

"ಅಮ್ಮನ ಮನೇಲಿ. ಹಳೇ ಉಣ್ಣೆ ಇದ್ರೆ ಕೊಡು ಅಂದ್ಲು, ನಿನ್ನೆ ಕೊಟ್ಟೆ. ಇಸ್ತ್ರಿ ಮಾಡಿದ ಬೂದು ಕೋಟು ಅಲ್ಲೇ ಇದೆ ನೋಡು, ನಿನ್ನ ಮೂಗಿನ ಮುಂದೆ."

ಎವಾರಿಸ್ತೊನ ತಲೆ ಆಮೆಯ ತಲೆಯಂತೆ ನಿಧಾನವಾಗಿ ಬೀರುವಿನಿಂದ ಹೊರಗೆ ಬಂತು. "ಮಿರ್ತಾ, ಇವತ್ತು ಫೈನಲ್ಲು."

"ಗೊತ್ತು. ಅದಕ್ಕೇ ಕೊಟ್ಟೆ. ಸಂಜೆ ಊರೆಲ್ಲ ನಿನ್ನ ಮುಖ ನೋಡೋ ಹೊತ್ತಿಗೆ ಆ ಗೋಣಿಚೀಲ ಹಾಕ್ಕೊಂಡು ನಿಂತ್ಕೋತೀಯಾ? ಅವ್ರು ಮ್ಯಾನೇಜರ್ ಮಾಡೋದು ನಿನ್ನನ್ನೋ, ಸ್ವೆಟರನ್ನೋ?"

ಈ ಪ್ರಶ್ನೆಗೆ ಪಾಸೊ ಕಾರ್ದೆನಾಲ್ ಊರಿನಲ್ಲಿ ಯಾರೂ ಥಟ್ಟನೆ ಉತ್ತರ ಹೇಳುವ ಹಾಗಿರಲಿಲ್ಲ.

ಮೊಲೀನೊ ಕ್ಲಬ್ಬಿನ ಫುಟ್‌ಬಾಲ್ ತಂಡಕ್ಕೆ, ಊರೆಲ್ಲ ಗೌರವದಿಂದ ದೋನ್ ಎಂದು ಕರೆಯುವ ವಾಲ್ದೆಮಾರ್ ಎಷ್ಟು ಕಾಲದಿಂದ ಮ್ಯಾನೇಜರ್ ಆಗಿದ್ದರೆಂದರೆ, ಮೈದಾನದ ಅಂಚಿನ ಆ ಮಡಿಸುವ ಕಬ್ಬಿಣದ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತದ್ದನ್ನು ನೋಡಿದವರು ಊರಿನಲ್ಲಿ ಬಹಳ ಮಂದಿ ಉಳಿದಿರಲಿಲ್ಲ. ಈಗ ಅವರ ಮಂಡಿ ಎರಡೂ ಮಾತು ಕೇಳುತ್ತಿರಲಿಲ್ಲ. ಈ ಸಲದ ಲೀಗ್ ಮುಗಿಯಲಿ, ಆಮೇಲೆ ನಾನು ಹೊಳೆ ದಂಡೆಗೆ ಹೋಗಿ ಗಾಳ ಹಾಕಿಕೊಂಡು ಕೂರುತ್ತೇನೆ ಎಂದು ಅವರು ಶರತ್ಕಾಲದಲ್ಲೇ ಹೇಳಿಬಿಟ್ಟಿದ್ದರು. ಮುಂದೆ ಯಾರು ಎಂದು ಗೊತ್ತು ಮಾಡಲು ಕ್ಲಬ್ಬಿನ ಮಂಡಳಿ ಸಭೆ ಸೇರಿತು. ಮೊದಲನೆಯ ಸಭೆ ಮುಂದಿನವರು ಯಾರೆಂದು ಬೇಗ ತೀರ್ಮಾನಿಸಬೇಕು ಎಂದು ತೀರ್ಮಾನಿಸಿತು. ಎರಡನೆಯದು, ತೀರ್ಮಾನಿಸಬೇಕಾದವರು ಯಾರೆಂದು ಚರ್ಚಿಸಿತು. ಮೂರನೆಯದರಲ್ಲಿ ಚರ್ಚೆಯ ಕಾವಿಗೆ ಊಟಕ್ಕೆಂದು ಕೆಂಡದ ಮೇಲಿಟ್ಟಿದ್ದ ಪಕ್ಕೆಲುಬು ಸೀದುಹೋಗಿ, ಅದಕ್ಕೆ ಯಾರು ಹೊಣೆ ಎಂಬ ಜಗಳದಲ್ಲಿ ಸಭೆ ಮುಗಿಯಿತು. ಕೊನೆಗೆ ಅಧ್ಯಕ್ಷ ಒರೆಸ್ತೆಸ್ ಕೈಮುಗಿದ. ಊರಿನ ಮಾಂಸದಂಗಡಿ ಅವನದೇ. ಸೀದ ಪಕ್ಕೆಲುಬೂ ಅವನದೇ. "ದೋನ್, ನೀವೇ ಹೆಸರು ಹೇಳಿಬಿಡಿ, ನಮ್ಮ ಕೈಲಿ ಆಗಲ್ಲ," ಎಂದ. ಫೈನಲ್ ದಿನ ಸಂಜೆ ಊಟದ ಹೊತ್ತಿಗೆ ಹೇಳುತ್ತೇನೆ ಎಂದರು ದೋನ್.

ಹೇಳುವ ಹೆಸರು ಎವಾರಿಸ್ತೊನದೇ ಎಂದು ಎವಾರಿಸ್ತೊ ನಂಬಿಕೊಂಡಿದ್ದ. ತಲೆಗೂದಲು ಕಪ್ಪಗಿದ್ದ ಕಾಲದಿಂದ ಅವನು ದೋನ್ ಅವರ ಸಹಾಯಕ. ಚೆಂಡಿಗೆ ಗಾಳಿ ತುಂಬುವವನು ಅವನು, ಮಳೆ ಬಂದರೆ ದೋನ್ ಅವರ ಕನ್ನಡಕ ಒರೆಸಿ ಕೊಡುವವನೂ ಅವನೇ. ಆದರೆ ಆರು ತಿಂಗಳ ಹಿಂದೆ ಒರೆಸ್ತೆಸ್ ಮೊಂತೆವಿದೇವೊದಿಂದ ಲಿಸಾಂದ್ರೊ ಎಂಬ ಯುವಕನನ್ನು ಕರೆದುಕೊಂಡು ಬಂದಿದ್ದ. ಅವನ ಹತ್ತಿರ ಕೋಚಿಂಗ್ ಡಿಪ್ಲೊಮಾ ಇತ್ತು, ಆಯಸ್ಕಾಂತದ ಬಿಲ್ಲೆ ಅಂಟುವ ಬಿಳಿ ಹಲಗೆ ಇತ್ತು, ಕ್ಲಬ್ಬಿನಲ್ಲೇ ಮೊದಲನೆಯದಾದ ಮೊಬೈಲ್ ಫೋನ್ ಇತ್ತು. ಎವಾರಿಸ್ತೊ ಆ ಹುಡುಗನನ್ನು ದ್ವೇಷಿಸಲು ಎಷ್ಟೋ ಪ್ರಯತ್ನಪಟ್ಟ. ಆಗಲಿಲ್ಲ, ಹುಡುಗ ಒಳ್ಳೆಯವನು. ಅದೇ ಇನ್ನೂ ಹೆಚ್ಚು ನೋವು ಕೊಡುತ್ತಿತ್ತು.

ಇನ್ನು ಸ್ವೆಟರಿನ ವಿಷಯ. ಚಳಿಗಾಲದ ಒಂದು ಭಾನುವಾರ ಎವಾರಿಸ್ತೊ ಅದನ್ನು ಹಾಕಿಕೊಂಡು ಹೋದ, ಮೊಲೀನೊ ಗೆದ್ದಿತು. ಗೆದ್ದ ವಾರ ಏನೇನು ಹೇಗೆ ಹೇಗೆ ಇತ್ತೋ ಮುಂದಿನ ವಾರವೂ ಅದು ಹಾಗೇ ಇರಬೇಕು, ಊರಿನವರ ಬಾಯಲ್ಲಿ ಅದೇ ಕಾಬಲಾ, ಅಂದರೆ ಶಕುನ. ದೋನ್ ಅವರ ಬಾಯಲ್ಲಿ ಹೊತ್ತಿಸದ ಅದೇ ಚುಟ್ಟಾ ಇರಬೇಕು. ಒರೆಸ್ತೆಸ್ ಆಂಬುಲೆನ್ಸ್ ಬರುವ ಗೇಟಿನಿಂದಲೇ ಒಳಗೆ ಬರಬೇಕು. ಪಕ್ಕದ ಮನೆಯ ಪೊಚಾ ಆಟ ಶುರುವಾಗುವ ಹೊತ್ತಿಗೆ ತನ್ನ ಹೂಕುಂಡಗಳಿಗೆ ನೀರು ಹಾಕುತ್ತಿರಬೇಕು, ಮಳೆ ಬರುತ್ತಿದ್ದರೂ. ಚಳಿಗಾಲ ಹೋಯಿತು, ವಸಂತ ಹೋಯಿತು, ಸೆಕೆ ಬಂತು. ಮೊಲೀನೊ ಸೋಲಲೇ ಇಲ್ಲ, ಹಾಗಾಗಿ ಸ್ವೆಟರೂ ಇಳಿಯಲಿಲ್ಲ. ಒಗೆಯುವಂತೆಯೂ ಇರಲಿಲ್ಲ. ಮೈದಾನದಲ್ಲಿ ಎವಾರಿಸ್ತೊನ ಪಕ್ಕ ಕೂರುವವರು ಗಾಳಿ ಬರುವ ಕಡೆ ನೋಡಿಕೊಂಡು ಕೂರುತ್ತಿದ್ದರು.

"ಮೊದಲು ಕ್ಲಬ್ಬಿಗೆ ಹೋಗಿ ಸಾಮಾನಿನ ಕೋಣೆ ಬೀಗ ತೆಗೆದುಕೊಟ್ಟು, ಆಮೇಲೆ ನಿಮ್ಮಮ್ಮನ ಮನೆಗೆ ಹೋಗ್ತೀನಿ," ಎಂದು ಎವಾರಿಸ್ತೊ ಬೂದು ಕೋಟು ತೊಟ್ಟು ಹೊರಟ. ಯಾರ ಕಣ್ಣಿಗೂ ಬೀಳದೆ ಹೋಗಿಬಿಡಬಹುದು ಎಂದುಕೊಂಡದ್ದು ಅವನ ತಪ್ಪು.

ಪೊಚಾ ಬಾಗಿಲು ಗುಡಿಸುತ್ತಿದ್ದವಳು ಪೊರಕೆ ಕೆಳಗೆ ಹಾಕಿದಳು. "ಅಯ್ಯೋ ದೇವ್ರೇ, ಕೋಟು! ಯಾರು ಹೋಗಿಬಿಟ್ರು?"

"ಯಾರೂ ಹೋಗಿಲ್ಲ ಪೊಚಾ."

"ಹಂಗಾದ್ರೆ ಸ್ವೆಟರೆಲ್ಲಿ?"

"ಸಿಗುತ್ತೆ ಬಿಡು, ಅತ್ತೆ ಮನೇಲಿದೆ—"

ಪೊಚಾ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವಳಾಗಲೇ ಚಪ್ಪಲಿ ಬಿಟ್ಟು ಓಡುತ್ತಿದ್ದಳು. ಎವಾರಿಸ್ತೊ ಮೂಲೆ ತಿರುಗುವಷ್ಟರಲ್ಲಿ ಬ್ರೆಡ್ ಅಂಗಡಿಯ ಸಾಲಿಗೆ ಸುದ್ದಿ ಮುಟ್ಟಿತ್ತು. ಚೌಕ ದಾಟುವಷ್ಟರಲ್ಲಿ ಚರ್ಚಿನಿಂದ ಜನ ಅರ್ಧ ಪೂಜೆಗೇ ಎದ್ದು ಬರುತ್ತಿದ್ದರು. "ಬೂದು ಬಣ್ಣ ಬೇರೆ! ಎದುರಾಳಿ ಬರ್ರಾಂಕಾದವರ ಬಣ್ಣ!" ಎಂದು ಯಾರೋ ಹಿಂದಿನಿಂದ ಕೂಗಿದರು. "ಎಷ್ಟಕ್ಕೆ ಮಾರ್ಕೊಂಡೆಯೋ?" ಎಂದರು ಇನ್ನೊಬ್ಬರು. ಕ್ಲಬ್ ಮುಟ್ಟುವ ಹೊತ್ತಿಗೆ ಎವಾರಿಸ್ತೊನ ಹಿಂದೆ ಹೆಣದ ಮೆರವಣಿಗೆಗೆ ಸಾಲುವಷ್ಟು ಜನ ಇದ್ದರು, ಮುಖಗಳೂ ಹಾಗೇ ಇದ್ದವು.

ಗೇಟಿನಲ್ಲಿ ಒರೆಸ್ತೆಸ್, ರಕ್ತದ ಕಲೆಯ ಏಪ್ರನ್ ಕಟ್ಟಿಕೊಂಡವನು, ಎರಡೂ ಕೈ ಚಾಚಿ ನಿಂತ.

"ಒಂದು ಹೆಜ್ಜೆ ಮುಂದೆ ಇಡಬೇಡ. ಒಳಗೆ ಬಂದ್ರೆ ದರಿದ್ರ ಗೋಡೆಗೂ ಅಂಟ್ಕೊಳುತ್ತೆ."

"ಸಾಮಾನಿನ ಕೋಣೆ ಬೀಗದ ಕೈ ನನ್ನ ಹತ್ರ ಇದೆ ಮಾರಾಯ."

"ಎಸಿ. ದೂರದಿಂದ ಎಸಿ."

ಎವಾರಿಸ್ತೊ ಎಸೆದ. ಅದು ಒರೆಸ್ತೆಸ್‌ನ ಹೊಟ್ಟೆಗೆ ತಗಲಿ ಕೆಳಗೆ ಬಿತ್ತು, ಅದೂ ಅಪಶಕುನವೇ ಎಂದು ಗುಂಪು ನಿಟ್ಟುಸಿರಿಟ್ಟಿತು.

ಗೇಟಿನಿಂದಲೇ ಕಾಣುವ ಹಾಗೆ ಒಳಗೆ ಅಂಗಳದ ಮರದ ಕೆಳಗೆ ದೋನ್ ವಾಲ್ದೆಮಾರ್ ತಮ್ಮ ಕುರ್ಚಿಯಲ್ಲಿ ಕೂತು ಸೋರೆ ಬುರುಡೆಯಿಂದ ಮಾಟೆ ಎಲೆಯ ಬಿಸಿ ಕಷಾಯ ಹೀರುತ್ತಿದ್ದರು. ಎಂದಿನಂತೆ ಪೂರ್ತಿ ಹೀರಿ ಮುಗಿಸಿ ಬುರುಡೆ ಕೆಳಗಿಟ್ಟರು. ಆಮೇಲೆ, "ಹುಡುಗಾ," ಎಂದರು. ನರೆತ ಎವಾರಿಸ್ತೊನನ್ನು ಅವರು ಇಂದಿಗೂ ಕರೆಯುತ್ತಿದ್ದದ್ದು ಹಾಗೆಯೇ. "ಹೋಗಿ ಸ್ವೆಟರ್ ತಗೊಂಡು ಬಾ. ಆಟ ನಾಲ್ಕಕ್ಕೆ."

"ಬಂದೆ ದೋನ್. ನಿಮ್ಮ ಪಕ್ಕದ ನನ್ನ ಜಾಗ..."

"ದೋನ್, ಲೆಕ್ಕಾಚಾರದ ಪ್ರಕಾರ ನೋಡಿದ್ರೆ," ಎಂದು ಲಿಸಾಂದ್ರೊ ಬಿಳಿ ಹಲಗೆಯ ಹಿಂದಿನಿಂದ ಶುರು ಮಾಡಿದ, "ಬಟ್ಟೆಗೂ ಗೆಲುವಿಗೂ ಯಾವ ಸಂಬಂಧ—" ಅಂಗಳದಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಲಿಸಾಂದ್ರೊ ಓದಿದವನು, ಬೇಗ ಕಲಿಯುವವನು. "ಸಂಬಂಧ ಬಹಳ ಇದೆ," ಎಂದು ಮುಗಿಸಿದ. "ಎವಾರಿಸ್ತೊ ಬರೋವರೆಗೂ ಅವ್ರ ಜಾಗ ಖಾಲಿ ಇರೋದು ಬೇಡ. ನಾನು ಕೂತಿರ್ತೀನಿ."

ದೋನ್ ಲಿಸಾಂದ್ರೊನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬುರುಡೆಗೆ ಮತ್ತೆ ಬಿಸಿನೀರು ಹಾಕಿಕೊಂಡರು. ಆ ನೋಟವನ್ನು ಎವಾರಿಸ್ತೊ ದಾರಿಯುದ್ದಕ್ಕೂ ಹೊತ್ತುಕೊಂಡು ಹೋದ.

ಅತ್ತೆ ದೋನ್ಯಾ ಸೆಲ್ಮೀರಾಳ ಮನೆ ಸೇತುವೆಯಾಚೆ. ಬ್ರೆಡ್ ಅಂಗಡಿಯವನ ಸೈಕಲ್ ಎರವಲು ಸಿಕ್ಕಿತು. ಸೇತುವೆಯ ನಡುಮಧ್ಯೆ ಅದರ ಚೈನು ಕಳಚಿತು. ಅದನ್ನು ಹಾಕಲು ಹೆಣಗುವಷ್ಟರಲ್ಲಿ ಮಧ್ಯಾಹ್ನ ಜಾರಿತು, ಬೂದು ಕೋಟಿನ ತೋಳು ಕಪ್ಪಾಯಿತು. ಬೆವರು ಒರೆಸಿಕೊಂಡಾಗ ಮುಖವೂ ಕಪ್ಪಾಯಿತು. ಅವನು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಾಗ ಗುಬ್ಬಿಯಷ್ಟು ಗಾತ್ರದ ದೋನ್ಯಾ ಸೆಲ್ಮೀರಾ ರೇಡಿಯೊದ ಪಕ್ಕ ಕೂತಿದ್ದಳು. ಅವಳ ಮಡಿಲಲ್ಲಿ ಸಾಸಿವೆ ಬಣ್ಣದ ಒಂದು ತೋಳು ಇತ್ತು. ತೋಳು ಮಾತ್ರ. ಉಳಿದ ಸ್ವೆಟರು ಬಿಚ್ಚಿದ ಉಣ್ಣೆಯಾಗಿ ನೆಲದ ಮೇಲೆ ಬೇಯಿಸಿದ ಶಾವಿಗೆಯ ರಾಶಿಯಂತೆ ಬಿದ್ದಿತ್ತು.

"ಬಂದ್ಯಾ ಅಳಿಯ? ಮದುವೆ ಆದಾಗಿನಿಂದ ಒಂದು ಭಾನುವಾರ ಈ ಮನೆ ಊಟಕ್ಕೆ ಬಂದವನಲ್ಲ ನೀನು. ಕೂತ್ಕೋ."

"ದೋನ್ಯಾ, ಅದು... ಅದನ್ನ ಯಾಕೆ ಬಿಚ್ಚಿದ್ರಿ?"

"ಬಿಚ್ಚದೆ? ಅದ್ರ ವಾಸನೆಗೆ ಬೆಕ್ಕು ಮನೆ ಬಿಟ್ಟು ಹೋಗಿದೆ. ಒಗೆದು, ಒಣಗಿಸಿ, ಬಿಚ್ಚಿದೀನಿ. ಊಟ ಮಾಡು ಮೊದಲು."

ಒಗೆದು! ಎವಾರಿಸ್ತೊ ಕುರ್ಚಿಯ ಮೇಲೆ ಕುಸಿದ. ಅವನ ಮುಂದೆ ಹಸುವಿನ ಕರುಳು, ಬೀನ್ಸು ಹಾಕಿ ಬೇಯಿಸಿದ ಬಿಸಿ ಸಾರು ಬಂತು. ಹೊರಗಿನ ಸೆಕೆಗೆ ನಾಯಿಗಳು ನಾಲಿಗೆ ಚಾಚಿದ್ದವು. ಬೇಡ ಎಂದರೆ ವಾದ ಬೆಳೆಯುತ್ತದೆ, ಉಂಡರೆ ಬೇಗ ಮುಗಿಯುತ್ತದೆ ಎಂದು ಅವನು ಉಂಡ. ಉಣ್ಣುತ್ತಾ ಯೋಚಿಸಿದ. ಸ್ವೆಟರು ಸ್ವೆಟರಿನ ಆಕಾರದಲ್ಲೇ ಇರಬೇಕು ಎಂದು ಯಾರೂ ಹೇಳಿರಲಿಲ್ಲವಲ್ಲ? ಉಣ್ಣೆ ಅದೇ ಉಣ್ಣೆ. ಕೋಟಿನ ಜೇಬಿನಲ್ಲಿ ತುಂಬಿಕೊಂಡು ಹೋದರೆ ಕಾಬಲಾ ಒಪ್ಪದೇ ಇದ್ದೀತೆ?

"ದೋನ್ಯಾ, ಆ ಉಣ್ಣೆ ಕೊಟ್ಟುಬಿಡಿ, ನಾನು ಹೊರಡ್ತೀನಿ."

"ಹೀಗೇ ತಗೊಂಡು ಹೋದ್ರೆ ಕಾಗೆ ಗೂಡು ಆಗುತ್ತೆ. ಆಮೇಲೆ ನನಗೆ ಯಾತಕ್ಕೂ ಬರಲ್ಲ. ಉಂಡೆ ಸುತ್ತಿ ಕೊಡ್ತೀನಿ. ಕೈ ಚಾಚು."

ಎವಾರಿಸ್ತೊ ಎರಡೂ ಕೈ ಮುಂದೆ ಚಾಚಿದ. ದೋನ್ಯಾ ಉಣ್ಣೆಯ ಎಳೆಗಳನ್ನು ಅವನ ಮುಂಗೈಗಳಿಗೆ ಸುರುಳಿಯಾಗಿ ಹಾಕಿದಳು, ಒಂದು ತುದಿ ಹಿಡಿದು ಸುತ್ತತೊಡಗಿದಳು. ಅವಳು ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದವಳಲ್ಲ. ಗಂಟು ಬಂದಾಗಲೆಲ್ಲ ಕನ್ನಡಕ ಏರಿಸುತ್ತಿದ್ದಳು, ಗಂಟು ಬಿಡಿಸುತ್ತಿದ್ದಳು, ಕನ್ನಡಕ ಇಳಿಸುತ್ತಿದ್ದಳು. ಅಷ್ಟರಲ್ಲಿ ರೇಡಿಯೊದಲ್ಲಿ ಹೆನಾರೊನ ದನಿ ಬಂತು. ಊರಿನ ವೀಕ್ಷಕ ವಿವರಣೆಗಾರ ಹೆನಾರೊ ಯಾವಾಗಲೂ ನಾಯಿ ಅಟ್ಟಿಸಿಕೊಂಡು ಬರುತ್ತಿದೆಯೇನೋ ಎಂಬಂತೆ ಮಾತಾಡುವವನು.

"ಆಟ ಶುರುವಾಯ್ತು! ಎವಾರಿಸ್ತೊ ಜಾಗ್ದಲ್ಲಿ ಲಿಸಾಂದ್ರೊ ಕೂತಿದಾನೆ, ಸ್ವೆಟರಿನ ಸುಳಿವಿಲ್ಲ, ಜನ ಕಂಗಾಲಾಗಿದಾರೆ, ಮೊಲೀನೊ ಮುಂದೆ ಹೋಗ್ತಿದೆ, ಹೋಗ್ತಿದೆ... ಗೋಲ್! ಗೋಲ್! ಮೊಲೀನೊ!"

ಎವಾರಿಸ್ತೊ ಹಾರಿ ಏಳಲು ಹೋದ.

"ಅಲ್ಲಾಡಬೇಡ!" ಗುಬ್ಬಿಯ ಗಂಟಲಿನಿಂದ ಸಾರ್ಜೆಂಟ್ ದನಿ ಬಂತು. "ಗೋಲು ಬಿದ್ದಾಗ ನೀನು ಹೇಗಿದ್ದೆ?"

"ಹೀಗೇ."

"ಹಂಗಾದ್ರೆ ಹೀಗೇ ಇರು."

ಅವಳ ಮಾತು ಸುಳ್ಳು ಎಂದು ಅನ್ನಿಸಿದ್ದರೆ ಎವಾರಿಸ್ತೊ ಎದ್ದು ಹೋಗಬಹುದಿತ್ತು. ಆದರೆ ಅವನೂ ಅದೇ ಊರಿನವನು. ಚಾಚಿದ ಕೈಗಳ ನಡುವಿನಿಂದ ರೇಡಿಯೊವನ್ನೇ ನೋಡುತ್ತಾ ಕೂತ. ಆಗಲೇ ಅವನ ಮೂಗಿನ ತುದಿ ನವೆಯಲು ಶುರುವಾಯಿತು.

ದೋನ್ಯಾ ಸೆಲ್ಮೀರಾ ಉಂಡೆ ಪಕ್ಕಕ್ಕಿಟ್ಟು ಗೋಡೆಯ ಫೋನಿನ ಹತ್ತಿರ ಹೋದಳು. "ಹಲೋ, ರೇಡಿಯೊನಾ? ಹೆನಾರೊಗೆ ಹೇಳಿ, ನಾನು ಸೆಲ್ಮೀರಾ, ಮಿರ್ತಾಳ ತಾಯಿ. ಅಳಿಯ ನಮ್ಮನೇಲಿ ಉಣ್ಣೆ ಹಿಡ್ಕೊಂಡು ಕೂತಿದಾನೆ. ಹಾಂ, ಎರಡೂ ಕೈ ಮೇಲೆ. ಗೋಲು ಬಿದ್ದಾಗ ಹಾಗೇ ಇದ್ದ. ನಾನು ಇಳಿಸೋಕೆ ಬಿಡಲ್ಲ ಅಂತ ಹೇಳಿ, ಜನ ಹೆದರ್ಕೋಬಾರ್ದು ನೋಡಿ, ಅದಕ್ಕೆ."

ಸ್ವಲ್ಪ ಹೊತ್ತಿನಲ್ಲೇ ಹೆನಾರೊ ಅದನ್ನು ಊರಿಗೆಲ್ಲ ಹೇಳಿದ. ಮೈದಾನದಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಳ್ಳದವರೇ ಇರಲಿಲ್ಲ, ಮರುಕ್ಷಣವೇ ಸಾವಿರ ಗಂಟಲಿನ ಕೂಗು ರೇಡಿಯೊದಿಂದ ಅಡಿಗೆಮನೆಗೆ ನುಗ್ಗಿತು: "ಕೈ ಎತ್ತೋ ಎವಾರಿಸ್ತೊ! ಕೈ ಎತ್ತೋ!"

ಜನ್ಮದಲ್ಲಿ ಮೊದಲ ಸಲ ಮೈದಾನ ಅವನ ಹೆಸರು ಕೂಗಿತ್ತು, ಅವನು ಮಾತ್ರ ಅಲ್ಲಿರಲಿಲ್ಲ.

"ಆ ಎಡಗಡೆ ಹಿಂದೆ ಆಡೋನು ನಿದ್ದೆ ಮಾಡ್ತಿದಾನೆ," ಎಂದಳು ದೋನ್ಯಾ, ರೇಡಿಯೊದ ಹತ್ತಿರ ಬಗ್ಗಿ. "ಹೆನಾರೊ ಅವನ ಹೆಸರೇ ಎತ್ತುತ್ತಿಲ್ಲ. ಎತ್ತಿದ್ರೂ ಬರ್ರಾಂಕಾದವರು ಅವನ್ನ ದಾಟಿ ಹೋದ್ಮೇಲೆ."

"ದೋನ್ಯಾ, ಮೂಗು ಸ್ವಲ್ಪ ಕೆರೀತೀರಾ?"

ಕೆರೆದಳು, ಹೆಣಿಗೆಯ ಕಡ್ಡಿಯಿಂದ.

ಅರ್ಧ ಸಮಯ ಕಳೆದು ಆಟ ಮತ್ತೆ ಶುರುವಾದ ಮೇಲೆ ಹೆನಾರೊ ಒಂದು ಮಾತು ಹೇಳಿದ: "ದೋನ್ ವಾಲ್ದೆಮಾರ್ ಎದ್ದು ನಿಂತಿದಾರೆ... ಲಿಸಾಂದ್ರೊನ ಹೆಗಲ ಮೇಲೆ ಕೈ ಇಟ್ಟಿದಾರೆ, ಶ್ರೋತೃಗಳೇ, ಹೆಗಲ ಮೇಲೆ ಕೈ! ಇದರ ಅರ್ಥ ಏನು ಅಂತ ನಾನು ಹೇಳಬೇಕಾಗಿಲ್ಲ."

ಎವಾರಿಸ್ತೊನ ತೋಳುಗಳು ಜುಮ್ಮೆಂದವು. ಇಷ್ಟು ವರ್ಷ ದೋನ್ ಅವನ ಕೈಗೆ ಚೆಂಡಿನ ಚೀಲ ಕೊಟ್ಟಿದ್ದರು, ಒದ್ದೆ ಟೋಪಿ ಕೊಟ್ಟಿದ್ದರು, ಒಮ್ಮೆ ತಮ್ಮ ಹಲ್ಲಿನ ಸೆಟ್ಟನ್ನೂ ಕೊಟ್ಟಿದ್ದರು. ಹೆಗಲ ಮೇಲೆ ಕೈ ಇಟ್ಟಿರಲಿಲ್ಲ. ಅವನು ಕೂತಿರಬೇಕಾದ ಜಾಗದಲ್ಲಿ ಬೇರೊಬ್ಬನ ಹೆಗಲಿತ್ತು, ಅವನಿಲ್ಲಿ ಅತ್ತೆಯ ಉಣ್ಣೆಗೆ ಗೂಟವಾಗಿದ್ದ. ಅವನಿಗೆ ಇನ್ನು ತಡೆಯಲಾಗಲಿಲ್ಲ. ಸುರುಳಿಯನ್ನು ಮೇಜಿನ ಮೇಲೆ ಕಳಚಿ ಹಾಕಿ ಬಾಗಿಲಿಗೆ ಓಡಿದ.

"ಅಳಿಯಾ!"

"ಆಗಲ್ಲ ದೋನ್ಯಾ, ನನ್ನ ಬದುಕಿನ ಪ್ರಶ್ನೆ!"

ಹೊಸ್ತಿಲು ದಾಟಿ ಸೈಕಲ್ಲಿಗೆ ಕೈ ಹಾಕಿದ್ದನೋ ಇಲ್ಲವೋ, ಕಿಟಕಿಯಿಂದ ಹೆನಾರೊ ಗೋಳಾಡಿದ: "ಬರ್ರಾಂಕಾ ಗೋಲ್... ಒಂದು ಒಂದು. ಏನಾಯ್ತು? ಯಾರು ಕೈ ಇಳಿಸಿದ್ದು?"

ಎದುರು ಮನೆಯಿಂದ ಮುದುಕ ಅಣ್ಣತಮ್ಮಂದಿರಿಬ್ಬರು ಹೊರಗೆ ಬಂದರು. ಒಬ್ಬನ ಕೈಯಲ್ಲಿ ಟ್ರಾನ್ಸಿಸ್ಟರ್, ಇನ್ನೊಬ್ಬನ ಕೈಯಲ್ಲಿ ಊರುಗೋಲು. ಸೈಕಲ್ ಹಿಡಿದ ಎವಾರಿಸ್ತೊನ ಕೈಗಳನ್ನು ಇಬ್ಬರೂ ನೋಡಿದರು.

"ಇಳಿದಿದೆ," ಎಂದ ಅಣ್ಣ.

"ಎರಡೂ," ಎಂದ ತಮ್ಮ, ಊರುಗೋಲನ್ನು ಸೈಕಲ್ಲಿನ ಚಕ್ರದೊಳಗೆ ತೂರಿಸಿ. "ಒಳಗೆ ನಡಿಯಪ್ಪಾ. ನಮಗೆ ವಯಸ್ಸಾಯ್ತು, ಇನ್ನೊಂದು ಫೈನಲ್ ನೋಡ್ತೀವೋ ಇಲ್ವೋ."

ಎವಾರಿಸ್ತೊ ಒಳಗೆ ನಡೆದ. ಕುರ್ಚಿಯ ಮೇಲೆ ಕೂತ. ಕೈ ಚಾಚಿದ. ದೋನ್ಯಾ ಮತ್ತೆ ಅವನ ಕೈಗಳಿಗೆ ಉಣ್ಣೆ ಹಾಕಿದಳು. ಅಣ್ಣತಮ್ಮಂದಿರು ಬಾಗಿಲಿಗೆ ಅಡ್ಡವಾಗಿ ಎರಡು ಸ್ಟೂಲು ಹಾಕಿಕೊಂಡು ಕೂತರು.

ಆಟ ಮುಗಿಯುತ್ತ ಬಂತು. ಗೋಲು ಬೀಳಲಿಲ್ಲ. ದೋನ್ಯಾ ಮತ್ತೆ ಫೋನಿನ ಹತ್ತಿರ ಹೋದಳು.

"ರೇಡಿಯೊನಾ? ಸೆಲ್ಮೀರಾ. ಕೈ ಮೇಲಿದೆ, ಚಿಂತೆ ಇಲ್ಲ. ಆದ್ರೆ ಆ ಎಡಗಡೆಯವನ್ನ ತೆಗೆದು, ಹೊರಗೆ ಕೂತಿರೋ ಎತ್ತರದ ಹುಡುಗನ್ನ ಇಳಿಸೋಕೆ ಹೇಳಿ. ಹಿಂದೆ ಅಲ್ಲ, ಮುಂದೆ ನಿಲ್ಲಿಸೋಕೆ ಹೇಳಿ. ಆಯ್ತಾ?"

ಹೆನಾರೊ ತನ್ನ ರೀತಿಯಲ್ಲಿ ಹೇಳಿದ: "ಕೈ ಎತ್ತಿಕೊಂಡೇ ಇರುವ ಎವಾರಿಸ್ತೊನಿಂದ ಈಗಷ್ಟೇ ಸೂಚನೆ ಬಂದಿದೆ, ಶ್ರೋತೃಗಳೇ, ಎಡಗಡೆಯವನು ಹೊರಗೆ, ಎತ್ತರದ ಹುಡುಗ ಒಳಗೆ, ಅದೂ ಮುಂದೆ! ಅಂಥ ಕಷ್ಟದಲ್ಲೂ ಅವನ ತಲೆ ಆಟದಲ್ಲೇ ಇದೆ!"

"ನಾನಲ್ಲ—" ಎಂದ ಎವಾರಿಸ್ತೊ ಅಡಿಗೆಮನೆಗೆ.

ಎತ್ತರದ ಹುಡುಗ ಮೈದಾನಕ್ಕಿಳಿದ. ಕೊನೆಯ ಕಾರ್ನರ್. ಹೆನಾರೊನ ದನಿ ಒಡೆಯಿತು, ರೇಡಿಯೊ ಕಿರುಗುಟ್ಟಿತು, ಬಾಗಿಲಿನ ಮುದುಕರಿಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಸ್ಟೂಲಿನಿಂದ ಬಿದ್ದರು. ಎತ್ತರದ ಹುಡುಗ ತಲೆಯಿಂದ ಹೊಡೆದ ಗೋಲು! ಮೊಲೀನೊ ಚಾಂಪಿಯನ್!

ಎವಾರಿಸ್ತೊ ಒಬ್ಬನೇ ಅಲ್ಲಾಡಲಿಲ್ಲ. ರೆಫರಿ ಕೊನೆಯ ಸೀಟಿ ಊದಿದನೆಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡ ಮೇಲೇ ಕೈ ಇಳಿಸಿದ್ದು.

ಸಂಜೆ ಕ್ಲಬ್ಬಿನ ಅಂಗಳದಲ್ಲಿ ಕೆಂಡ ಹರಡಿತ್ತು, ಇಡೀ ಇಡೀ ಪಕ್ಕೆಗಳು ಸುಡುತ್ತಿದ್ದವು. ಮಿರ್ತಾ ಗಂಡನ ಕೋಟಿನ ತೋಳು ನೋಡಿ ಹಲ್ಲು ಕಚ್ಚಿ, ಅದನ್ನು ಮೊಣಕೈವರೆಗೂ ಮಡಿಸಿದಳು. ದೋನ್ಯಾ ಸೆಲ್ಮೀರಾಳಿಗೆ ಕೆಂಡದ ಹತ್ತಿರವೇ ಜಾಗ ಮಾಡಿಕೊಟ್ಟರು. ಎವಾರಿಸ್ತೊ ಎಲ್ಲರಿಗಿಂತ ಹಿಂದೆ ನಿಂತ. ದೋನ್ ವಾಲ್ದೆಮಾರರ ಕುರ್ಚಿಯ ಪಕ್ಕ ಲಿಸಾಂದ್ರೊ ಇದ್ದ. ಎಲ್ಲಾ ಗೊತ್ತಾದ ಹಾಗೇ ಇತ್ತು. ಅವನಿಗೆ ಅಳು ಬರಲಿಲ್ಲ. ತೋಳು ನೋಯುತ್ತಿತ್ತು, ಅದರ ಕಡೆಗೇ ಗಮನ ಇತ್ತು.

ದೋನ್ ಎದ್ದು ನಿಂತರು, ಲಿಸಾಂದ್ರೊನ ಹೆಗಲು ಹಿಡಿದು. "ಈ ಹುಡುಗ ಪಕ್ಕದಲ್ಲಿ ಇದ್ದದ್ದು ಒಳ್ಳೇದಾಯ್ತು," ಎಂದರು. "ಮಂಡಿ ಹಿಡ್ಕೊಂಡ್ಬಿಟ್ರೆ ಏಳೋಕೆ ಯಾರಾದ್ರೂ ಗಟ್ಟಿ ಬೇಕು. ಎವಾರಿಸ್ತೊನ ಹೆಗಲು ಮೊದಲಿಂದ್ಲೂ ಇಳಿಜಾರು." ಅಂಗಳ ನಕ್ಕಿತು. "ನಾನು ಜಾಸ್ತಿ ಮಾತಾಡಲ್ಲ. ಅಡಿಗೆಮನೇಲಿ ಕೂತು ಫೈನಲ್ ಗೆಲ್ಲಿಸಿದವನ್ನ ನಾನು ಇವತ್ತೇ ನೋಡಿದ್ದು. ನಾನಾದ್ಮೇಲೆ ಎವಾರಿಸ್ತೊ."

ಎವಾರಿಸ್ತೊನಿಗೆ ಅರ್ಥವಾಗುವ ಮೊದಲೇ ಜನ ಅವನನ್ನು ಕೈಯಿಂದ ಕೈಗೆ ಮುಂದೆ ದಾಟಿಸಿದ್ದರು. ಮಿರ್ತಾ ಅಳುತ್ತಿದ್ದಳು. ಪೊಚಾ ಅವನಿಗೆ ಮುತ್ತು ಕೊಟ್ಟಳು. ಲಿಸಾಂದ್ರೊ ನಿಜವಾದ ಸಂತೋಷದಿಂದಲೇ ಕೈ ಕುಲುಕಿದ, ನೋಯುವ ಕೈಯನ್ನೇ. ಆಮೇಲೆ ದೋನ್ ಅವನ ಹೆಗಲ ಮೇಲೆ ಕೈ ಇಟ್ಟರು. ಎವಾರಿಸ್ತೊನ ಕಣ್ಣು ಮಂಜಾಯಿತು. ದೋನ್ ಆ ಹೆಗಲನ್ನು ಒತ್ತಿ ಹಿಡಿದು, ಮೆಲ್ಲಗೆ ಮಂಡಿ ಮಡಿಸಿ, ಮತ್ತೆ ತಮ್ಮ ಕುರ್ಚಿಯಲ್ಲಿ ಕೂತರು.

"ಒಂದು ಸಣ್ಣ ವಿಷಯ," ಎಂದ ಒರೆಸ್ತೆಸ್, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ. "ಮುಂದಿನ ಭಾನುವಾರದಿಂದ ಕಪ್ ಪಂದ್ಯ ಶುರು. ನಮ್ಮ ಹೊಸ ಮ್ಯಾನೇಜರ್ ಸೋಮವಾರದಿಂದ ಶನಿವಾರದವರೆಗೂ ಇಲ್ಲಿ. ಭಾನುವಾರ ದೋನ್ಯಾ ಸೆಲ್ಮೀರಾ ಮನೇಲಿ."

"ಏನಂದೆ?"

"ಉಣ್ಣೆ ಹಿಡ್ಕೊಂಡು. ಅಲ್ವಾ ಮತ್ತೆ? ನೀನು ಎದ್ದು ಹೊರಗೆ ಬಂದಿದ್ದಕ್ಕೆ ಏನಾಯ್ತು ಅಂತ ಊರಿಗೇ ಗೊತ್ತಲ್ಲ."

"ಹಂಗಾದ್ರೆ ಕುರ್ಚೀಲಿ ಯಾರು?"

"ಕುರ್ಚೀನ ಖಾಲಿ ಬಿಡೋಕಾಗುತ್ತಾ? ದೋನ್ ಕೂತಿರ್ತಾರೆ. ಅವರು ನಿವೃತ್ತರು, ಕೆಲಸ ಮಾಡಲ್ಲ, ಸುಮ್ನೆ ಕೂತಿರ್ತಾರೆ ಅಷ್ಟೇ. ಇವತ್ತೂ ಅವ್ರೇ ಕೂತಿದ್ರಲ್ಲ, ಅದನ್ನ ಬದಲಾಯಿಸೋಕಾಗಲ್ಲ. ಪಕ್ಕದಲ್ಲಿ ಲಿಸಾಂದ್ರೊ. ಅದನ್ನೂ ಬದಲಾಯಿಸೋಕಾಗಲ್ಲ."

ದೋನ್ ವಾಲ್ದೆಮಾರ್ ಚುಟ್ಟಾವನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ತಂದರು. "ಮೀನು ವಾರದ ದಿನ ಹಿಡಿದ್ರೂ ಆಗುತ್ತೆ," ಎಂದರು.

ಎವಾರಿಸ್ತೊ ಸುತ್ತ ನೋಡಿದ. ಯಾರ ಮುಖದಲ್ಲೂ ತಮಾಷೆ ಇರಲಿಲ್ಲ. "ಮತ್ತೆ ಆಟ ನಡೀವಾಗ ಯಾರನ್ನ ತೆಗೀಬೇಕು, ಯಾರನ್ನ ಇಳಿಸ್ಬೇಕು... ನಾನು ಹೇಳೋದು ಹೇಗೆ?"

"ನನ್ನ ಮೊಬೈಲಿಗೆ ಫೋನ್ ಮಾಡಿ," ಎಂದ ಲಿಸಾಂದ್ರೊ ಮುತುವರ್ಜಿಯಿಂದ. ಹೇಳಿದ ಮೇಲೆ ಅವನೇ ಯೋಚಿಸಿದ. "ಆದ್ರೆ ನಿಮ್ಮ ಕೈ..."

ಎಲ್ಲರೂ ಎವಾರಿಸ್ತೊನ ಕೈಗಳನ್ನು ನೋಡಿದರು. ಕೆಂಡದ ಮೇಲೆ ಕೊಬ್ಬು ಚಟಪಟ ಎಂದಿತು.

"ನಾನು ಮಾಡ್ತೀನಿ," ಎಂದಳು ದೋನ್ಯಾ ಸೆಲ್ಮೀರಾ, ಎಲುಬೊಂದನ್ನು ತಟ್ಟೆಗೆ ಹಾಕಿ ಬೆರಳು ಒರೆಸಿಕೊಳ್ಳುತ್ತಾ. "ಇವತ್ತು ಮಾಡಿದ್ದೂ ನಾನೇ ತಾನೇ?"

"ಅಂದ್ರೆ ಎವಾರಿಸ್ತೊ ಹೇಳಿದ್ದನ್ನ ನೀವು ಹೇಳಿದ್ರಿ," ಎಂದ ಒರೆಸ್ತೆಸ್.

"ಅವನೇನು ಹೇಳ್ದ? ಮೂಗು ಕೆರೀರಿ ಅಂದ. ಎತ್ತರದವನ್ನ ಇಳಿಸಿ ಅಂದಿದ್ದು ನಾನು, ಮುಂದೆ ನಿಲ್ಲಿಸಿ ಅಂದಿದ್ದೂ ನಾನು."

ದೋನ್ ವಾಲ್ದೆಮಾರ್ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. ಆಮೇಲೆ, ಸಾವಿನ ಮನೆಯಲ್ಲೂ ತೆಗೆಯದ ತಮ್ಮ ಟೋಪಿಯನ್ನು ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

"ದೋನ್ಯಾ," ಎಂದರು, "ಮುಂದಿನ ವಾರ ಗೋಲ್ಕೀಪರ್ ಯಾರು?"

"ಈಗಿರೋನೇ ಇರ್ಲಿ, ಆದ್ರೆ ತಾಲೀಮು ಬೆಳಿಗ್ಗೆ ಆರಕ್ಕೆ. ಹೊಟ್ಟೆ ನೋಡಿ ಅವನ್ದು." ಗೋಲ್ಕೀಪರ್ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟು, "ಸರಿ ದೋನ್ಯಾ," ಎಂದ. ಆಟಗಾರರು ಒಬ್ಬೊಬ್ಬರಾಗಿ ತಟ್ಟೆ ಹಿಡಿದುಕೊಂಡು ಅವಳ ಸುತ್ತ ಸರಿಯತೊಡಗಿದರು. ಲಿಸಾಂದ್ರೊ ಬಿಳಿ ಹಲಗೆ ತಂದು ಅವಳ ಮುಂದಿಟ್ಟ.

ಮೊಲೀನೊ ಕ್ಲಬ್ಬಿನ ಹೊಸ ಮ್ಯಾನೇಜರ್ ಇನ್ನೂ ಅಂಗಳದ ನಡುವೆ ನಿಂತೇ ಇದ್ದ. ಅವನಿಗೂ ಒಂದು ಮಾತು ಹೇಳುವುದಿತ್ತು. ಆ ಗದ್ದಲದಲ್ಲಿ ಯಾರಾದರೂ ತನ್ನ ಕಡೆ ನೋಡಲಿ ಎಂದು ಒಂದು ಕೈ ಮೇಲೆತ್ತಿದ.

"ಇನ್ನೊಂದೂ!" ಎಂದು ಇಡೀ ಕ್ಲಬ್ಬು ಒಂದೇ ಗಂಟಲಿನಲ್ಲಿ ಕೂಗಿತು. "ಇನ್ನೊಂದನ್ನೂ ಎತ್ತೋ!"